ಗಮಕಾಟ್ಸು ಇಡಬ್ಲ್ಯೂಜಿ ಆಫ್‌ಸೆಟ್ ಗಾಳ: ಒಂದು ಸೀಸನ್ ಬಳಸಿದ ಮೇಲೆ

ಡಲ್ಲಾಸ್‌ನಿಂದ ಲೇಕ್ ಫೋರ್ಕ್ ಸರೋವರಕ್ಕೆ ಬಾಸ್ ಮೀನು ಹಿಡಿಯೋಕೆ ಹೋಗ್ತಿರ್ತೀನಿ. ಟೆಕ್ಸಾಸ್‌ನ ದಾಖಲೆಯ 18.18 ಪೌಂಡಿನ ಬಾಸ್ 1992ರಲ್ಲಿ ಸಿಕ್ಕಿದ್ದು ಇಲ್ಲೇ. ನೀರೊಳಗೆಲ್ಲ ಮುಳುಗಿದ ಮರಗಳು; ಗಾಳದ ಮೊನೆ ಹೊರಗಿದ್ದರೆ ಕೊಂಬೆಗೆ ಸಿಕ್ಕಿಕೊಂಡಂತೆಯೇ. ಹೋದ ವರ್ಷ ಅಗ್ಗದ ಗಾಳವೊಂದು ದೋಣಿಯ ಪಕ್ಕದಲ್ಲೇ ನೆಟ್ಟಗಾಗಿ, ಒಳ್ಳೆ ಮೀನು ಕೈತಪ್ಪಿತು. ಇವತ್ತಿಗೂ ಆ ಬೇಸರ ಹೋಗಿಲ್ಲ.

ಈಗ ಬಳಸ್ತಿರೋ ಗಮಕಾಟ್ಸು ಗಾಳದ ಕುತ್ತಿಗೆಯ ಹತ್ತಿರ ಮೆಟ್ಟಿಲಿನಂಥ ಎರಡು ತಿರುವು ಇದೆ; ಆಫ್‌ಸೆಟ್ ಅನ್ನೋದು ಇದಕ್ಕೇ. ಎರೆಯಾಗಿ ಸಿಕ್ಕಿಸೋ ರಬ್ಬರ್ ಹುಳುವಿನ ತಲೆ ಅಲ್ಲಿ ಕಚ್ಚಿಕೊಂಡು ಕೂರುತ್ತೆ, ಎಸೆದಾಗ ಕೆಳಕ್ಕೆ ಜಾರಲ್ಲ. ಗಾಳದ ಬಾಗಿದ ಹೊಟ್ಟೆ ಅಗಲವಾಗಿರೋದರಿಂದ (ಇಡಬ್ಲ್ಯೂಜಿ ಅಂದರೆ ಎಕ್ಸ್‌ಟ್ರಾ ವೈಡ್ ಗ್ಯಾಪ್) ಮೀನು ಕಚ್ಚಿದಾಗ ಹುಳು ಪಕ್ಕಕ್ಕೆ ಸರಿದು ಮೊನೆಗೆ ದಾರಿ ಬಿಡುತ್ತೆ. 5 ಇಂಚಿನ ಸೆಂಕೋ ಅನ್ನೋ ದಪ್ಪ ರಬ್ಬರ್ ಹುಳುವಿಗೆ 4/0 ಅಳತೆಯ ಗಾಳ, ಸಣಕಲು ಹುಳುವಿಗೆ ಅದಕ್ಕಿಂತ ಚಿಕ್ಕದಾದ 3/0 ಹಾಕ್ತೀನಿ. ಮೊನೆಯನ್ನು ಹುಳುವಿನಿಂದ ಆಚೆ ತೆಗೆದು, ತುದಿ ಮಾತ್ರ ಮತ್ತೆ ಅದರ ಚರ್ಮದೊಳಗೆ ಮರೆಮಾಡಬೇಕು. ಚೂಪು ಪರೀಕ್ಷಿಸೋಕೆ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ: ಜಾರಬಾರದು, ಗೀರಬೇಕು. ನನ್ನವು ಹತ್ತು ಮೀನಾದ ಮೇಲೂ ಗೀರುತ್ತವೆ.

ಬ್ರೇಡ್ (ಹೆಣೆದ) ದಾರ, ಬಿರುಸಾದ ಕೋಲು ಬಳಸೋರು ಇದೇ ಕಂಪನಿಯ ದಪ್ಪ ತಂತಿಯ ಸೂಪರ್‌ಲೈನ್ ಗಾಳ ತಗೊಳ್ಳಿ. ಸೆಂಕೋದಲ್ಲಿ ಉಪ್ಪಿರುತ್ತೆ, ಗಾಳದಲ್ಲೇ ಬಿಟ್ಟರೆ ತುಕ್ಕು ಹಿಡಿಯುತ್ತೆ. ಸಂಜೆ ಮರೆಯದೆ ಬಿಚ್ಚಿ ಒರೆಸಿಡಿ.