ರಾತ್ರಿಯ ಕಾಲು ಸೆಳೆತಕ್ಕೆ ಫಿಸಿಯೋಥೆರಪಿ: ತುಮಕೂರಿನ ಒಂದು ಕ್ಲಿನಿಕ್
ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ನಿದ್ದೆ ಕೆಡುತ್ತಿದ್ದುದರಿಂದ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರನ್ನು ತುಮಕೂರಿನ ಅಶೋಕನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆವು. ಚಿಕಿತ್ಸಕಿ ಮೊದಲು ಅವರ ಮಾತ್ರೆಗಳ ಚೀಟಿಯನ್ನು ಕೇಳಿ ಪಡೆದು ನೋಡಿ, ರಕ್ತದೊತ್ತಡಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೂ ಸೆಳೆತ ಬರಬಹುದೆಂದೂ, ಆದರೆ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದೆಂದೂ ತಿಳಿಸಿದರು. ಬಳಿಕ ಗೋಡೆಗೆ ಅಂಗೈ ಊರಿ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗುವುದನ್ನೂ, ಸೆಳೆತ ಬಂದಾಗ ಮೊಣಕಾಲನ್ನು ನೇರವಾಗಿಟ್ಟು ಪಾದವನ್ನು ತಮ್ಮತ್ತ ಎಳೆದುಕೊಳ್ಳುವುದನ್ನೂ ತಾಳ್ಮೆಯಿಂದ ಅಭ್ಯಾಸ ಮಾಡಿಸಿದರು. ಮಲಗುವ ಮುನ್ನ ಇದನ್ನು ಮಾಡತೊಡಗಿದ ಮೇಲೆ ಸೆಳೆತ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮೆಗ್ನೀಸಿಯಂ ಮಾತ್ರೆಯಿಂದ ವಯಸ್ಸಾದವರಿಗೆ ಹೆಚ್ಚಿನ ಪ್ರಯೋಜನವಿಲ್ಲವೆಂದು ನೇರವಾಗಿ ಹೇಳಿ, ಏನನ್ನೂ ಮಾರಲು ಮುಂದಾಗದಿದ್ದುದು ಮೆಚ್ಚುಗೆಯಾಯಿತು. ಕಾಲುನೋವಿನವರೇ ಬರುವ ಈ ಕ್ಲಿನಿಕ್ಕು ಲಿಫ್ಟ್ ಇಲ್ಲದ ಮೊದಲ ಮಹಡಿಯಲ್ಲಿರುವುದು ಮಾತ್ರ ಸರಿಯಲ್ಲ.