ಇ-ಆಸ್ತಿ ಸೇವೆ: ಹಳೇ ಪೇಟೆಯ ಮನೆಗಳಿಗೆ ಎಷ್ಟು ಆಸರೆ?

ಕಾರವಾರದ ಹಳೇ ಓಣಿಗಳಲ್ಲಿ, ಶಿರಸಿ ಪೇಟೆಯಲ್ಲಿ ಬೀಗ ಬಿದ್ದ ಹೆಂಚಿನ ಮನೆಗಳು ಎಷ್ಟೋ ಇವೆ. ದುಡ್ಡಿದ್ದರೂ ದುರಸ್ತಿಯಾಗದ ಮನೆಗಳೂ ಅವುಗಳಲ್ಲಿವೆ, ಯಾಕೆಂದರೆ ಖಾತೆ, ಅಂದರೆ ನಗರಸಭೆಯ ವಹಿಯಲ್ಲಿ ಮನೆಯ ಮಾಲೀಕರ ದಾಖಲೆ, ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಅಂಥ ಮನೆಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಒಂದು ಹೆಂಚು ಜಾರಿದರೆ ಸಾಕು, ನಮ್ಮ ಮಳೆಗೆ ಮಾಡಿನ ಪಕಾಸಿ ಕೊಳೆತು, ಚಿರೆಕಲ್ಲಿನ ನಡುವಿನ ಮಣ್ಣು ಕರಗಿ, ಕೆಲವೇ ಮಳೆಗಾಲದಲ್ಲಿ ಗೋಡೆ ಕೂರುತ್ತದೆ. ಪೇಟೆ ಉಳಿಯಬೇಕಾದರೆ ಮೊದಲು ಖಾತೆ ಸರಿಹೋಗಬೇಕು.

ನೇರ ದಾಖಲೆ ಇದ್ದವರಿಗೆ, ಪಟ್ಟಣದ ಆಸ್ತಿಗಳ ಖಾತೆಯನ್ನು ಗಣಕದಲ್ಲಿ ಮಾಡಿಕೊಡುವ ರಾಜ್ಯ ಸರ್ಕಾರದ ಇ-ಆಸ್ತಿ ಒಳ್ಳೆಯ ಸೇವೆ. ನೋಂದಾಯಿತ ಕ್ರಯಪತ್ರ, ತೆರಿಗೆ ರಸೀದಿ, ಇಸಿ (ಋಣಭಾರ ಪ್ರಮಾಣಪತ್ರ), ಆಧಾರ್, ಮಾಲೀಕರ ಮತ್ತು ಮನೆಯ ಫೋಟೋ ಕೊಟ್ಟರೆ ನಮೂನೆ-3, ಅಂದರೆ ಇ-ಖಾತೆ, ಕೈಗೆ ಬರುತ್ತದೆ.

ತೊಡಕೆಲ್ಲ ಪಿತ್ರಾರ್ಜಿತ ಮನೆಗಳದು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ ಸಾಮಾನ್ಯವಾಗಿ 2004ರಿಂದ ಈಚೆಗಿನದು ಮಾತ್ರ. ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಪುಸ್ತಕ ಹುಡುಕಿಸಬೇಕು. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಹಾಗಾಗಿ ನಮ್ಮಲ್ಲಿ ಜಾಗದ ಅಳತೆ, ಮಾಲೀಕರ ಹೆಸರು ಇರುವ ಸಿಟಿ ಸರ್ವೇಯ ಪ್ರಾಪರ್ಟಿ ಕಾರ್ಡ್ ಉಂಟು. ಅಳತೆ ಅದರಲ್ಲಿ ಚದರ ಮೀಟರ್, ತೆರಿಗೆ ರಸೀದಿಯಲ್ಲಿ ಚದರ ಅಡಿ. 120 ಚದರ ಮೀಟರ್ ಎಂದರೆ ಸುಮಾರು 1,292 ಚದರ ಅಡಿ. ರಸೀದಿಯಲ್ಲಿ 1,200 ಎಂದಿದ್ದರೆ ಆಕ್ಷೇಪಣೆ ಬಂದೇ ಬರುತ್ತದೆ. ಹೆಸರನ್ನೂ ನೋಡಿಕೊಳ್ಳಿ. ಪತ್ರದಲ್ಲಿ ನಾಯ್ಕ, ಆಧಾರ್‌ನಲ್ಲಿ ನಾಯಕ ಎಂದಿದ್ದರೆ ನಮ್ಮ ಜಿಲ್ಲೆಯಲ್ಲಿ ಅದು ಬರೀ ಕಾಗುಣಿತದ ತಪ್ಪಲ್ಲ, ಸಮಾಜವೇ ಬೇರೆ. ಅರ್ಜಿ ಹಾಕುವ ಮೊದಲೇ ತಿದ್ದಿಸಿ.

ದೊಡ್ಡ ಗಂಟು ಇನ್ನೊಂದು. ವಾರಸುದಾರರು ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲು ಇ-ಖಾತೆ ಬೇಕು. ಇ-ಖಾತೆಗೆ ಹೋದರೆ ಉಳಿದ ವಾರಸುದಾರರ ಬಿಡುಗಡೆ ಪತ್ರ ತನ್ನಿ ಎನ್ನುತ್ತಾರೆ. ಆದ್ದರಿಂದ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಮೊದಲು ಎಲ್ಲ ವಾರಸುದಾರರ ಹೆಸರಲ್ಲಿ ಜಂಟಿ ಖಾತೆ ಕೇಳಿ, ಹಿಸ್ಸೆ ಆಮೇಲೆ ಮಾಡಿಕೊಳ್ಳಿ. ನೋಟರಿ ಒಪ್ಪಿಗೆಯಿಂದ ಸ್ಥಿರಾಸ್ತಿಯ ಹಕ್ಕು ಬಿಟ್ಟುಹೋಗುವುದಿಲ್ಲ. ಪ್ರಾಪರ್ಟಿ ಕಾರ್ಡ್ ಇರುವ ಹಳೇ ಮನೆಯನ್ನು ಅವಸರಕ್ಕೆ ಬಿ-ಖಾತೆಗೆ ಒಪ್ಪಿಸಲೂ ಬೇಡಿ, ಅದು ಅನಧಿಕೃತ ಆಸ್ತಿಗಳ ವಹಿ.

ನೇರ ದಾಖಲೆಗೆ ಐದಕ್ಕೆ ನಾಲ್ಕು ಅಂಕ, ಪಿತ್ರಾರ್ಜಿತಕ್ಕೆ ಎರಡೇ. ಸರ್ಕಾರ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಮುಂಬಯಿ, ಗೋವಾದಲ್ಲಿರುವ ಅಣ್ಣತಮ್ಮಂದಿರು ಚೌತಿಗೆ ಊರಿಗೆ ಬಂದೇ ಬರುತ್ತಾರೆ. ಆ ವಾರ ನಗರಸಭೆಯವರು, ಸರ್ವೇಯರ್, ಉಪನೋಂದಣಾಧಿಕಾರಿ ಮೂವರೂ ಪೇಟೆಯಲ್ಲೇ ಒಂದು ಮೇಜು ಹಾಕಿ ಕೂರಲಿ.