ಖಾಲಿ ಫೋಲ್ಡರ್ ಮುಂದೆ ಕೂತಾಗ: ಕೋಡಿಂಗ್ ಕಲಿಸುವ ತಾಣಗಳನ್ನು ನಾನು ಅಳೆದ ರೀತಿ

ವೆಬ್ ಡೆವಲಪ್‌ಮೆಂಟ್ ಕಲಿಸುವ ಉಚಿತ ತಾಣಗಳು ಬೇಕಾದಷ್ಟಿವೆ. ಯಾವುದನ್ನು ಹಿಡಿಯುವುದು ಅನ್ನುವುದೇ ತಲೆನೋವು, ಅಲ್ವಾ? ಸಂಜೆ ಸಿಗುವ ಒಂದು ಗಂಟೆಯಲ್ಲಿ ನಾನು ಕೆಲವನ್ನು ಬಳಸಿ ನೋಡಿದೆ. ಎಲ್ಲಕ್ಕೂ ಒಂದೇ ಪರೀಕ್ಷೆ. ಖಾಲಿ ಫೋಲ್ಡರ್ ತೆರೆದು, ಪಾಠ ನೋಡದೆ, ಚಿಕ್ಕದೊಂದು ಟು-ಡೂ ಪಟ್ಟಿ ಕಟ್ಟಬೇಕು. ಕೆಲಸ ಸೇರಿಸಲು, ಅಳಿಸಲು, ಮುಗಿದದ್ದರ ಮೇಲೆ ಗೆರೆ ಎಳೆಯಲು ಬಂದರೆ ಸಾಕು.

ಮೊದಲು ಹಿಡಿದದ್ದು ಫ್ರೀಕೋಡ್‌ಕ್ಯಾಂಪ್. ಕ್ವಿನ್ಸಿ ಲಾರ್ಸನ್ 2014ರಲ್ಲಿ ಶುರು ಮಾಡಿದ ತಾಣ ಇದು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರಿನಲ್ಲೇ ಬರೆಯಬಹುದು. ಹಂತಗಳು ತೀರಾ ಚಿಕ್ಕವು, ಕೆಲವು ಕಡೆ ಒಂದೇ ಸಾಲು ಬರೆದರೆ ಮುಂದಕ್ಕೆ ಹೋಗಬಹುದು. ಟ್ಯಾಗ್ ಅಂದರೇನು ಅಂತಲೂ ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನಾನು ನೋಡಿಲ್ಲ. ಆದರೂ ಖಾಲಿ ಫೋಲ್ಡರ್ ಮುಂದೆ ನನ್ನ ಕೈ ನಿಂತುಬಿಟ್ಟಿತು. ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್‌ಎಸ್ ಫೈಲನ್ನು ಪುಟಕ್ಕೆ ಜೋಡಿಸುವ ಸಾಲು ಕಣ್ಣಿಗೆ ಬಿದ್ದರೆ ಗುರುತು ಹತ್ತುತ್ತಿತ್ತು, ಬರೆಯಲು ಹೋದರೆ ನೆನಪಾಗುತ್ತಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ನಾನು ಹಂತಗಳನ್ನಷ್ಟೇ ದಾಟಿದ್ದೆ, ಸರ್ಟಿಫಿಕೇಟಿಗಾಗಿ ಕೇಳುವ ಪ್ರಾಜೆಕ್ಟ್‌ಗಳನ್ನು ಬಿಟ್ಟಿದ್ದೆ. ಸರ್ವೆ ಫಾರ್ಮ್ ಪ್ರಾಜೆಕ್ಟ್ ಒಂದನ್ನು ಸ್ವಂತವಾಗಿ ಮಾಡಿದ ಮೇಲೆ ಕೈ ಸ್ವಲ್ಪ ಸಡಿಲವಾಯಿತು.

ದಿ ಓಡಿನ್ ಪ್ರಾಜೆಕ್ಟ್ ದಾರಿಯೇ ಬೇರೆ. ಇಲ್ಲಿ ಮೊದಲು ನಿಮ್ಮ ಕಂಪ್ಯೂಟರ್ ಸಜ್ಜಾಗಬೇಕು: ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಕೋಡ್ ಬರೆಯುವ ವಿಎಸ್ ಕೋಡ್. ವಿಂಡೋಸ್ ಇರುವವರು ಅದರೊಳಗೇ ಲಿನಕ್ಸ್ ಓಡಿಸಲು ವರ್ಚುವಲ್ ಮಷೀನ್ ಅಥವಾ ಡಬ್ಲ್ಯುಎಸ್‌ಎಲ್‌ನಂಥದ್ದನ್ನು ಹಾಕಿಕೊಳ್ಳಬೇಕು. ಮೊದಲ ವಾರ ನನಗೆ ಕೋಡಿಗಿಂತ ಇದೇ ಕೆಲಸ ಜಾಸ್ತಿಯಾಯಿತು. ಆದರೆ ಕಲಿಯುವುದೇ ಖಾಲಿ ಫೋಲ್ಡರಿನಿಂದ.

ಅಲ್ಲಿನ ಎಚ್-ಎ-ಸ್ಕೆಚ್ ಪ್ರಾಜೆಕ್ಟನ್ನು ನಾನು ಮರೆಯುವುದಿಲ್ಲ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಿಂದ 16 ಅಡ್ಡ, 16 ಉದ್ದ ಚೌಕಗಳನ್ನು ಹುಟ್ಟಿಸಬೇಕು. ಮೌಸ್ ಹಾದುಹೋದ ಚೌಕ ಬಣ್ಣ ಬದಲಿಸಬೇಕು. ನಾನು 960 ಪಿಕ್ಸೆಲ್ ಅಗಲದ ಪೆಟ್ಟಿಗೆಯಲ್ಲಿ 60 ಪಿಕ್ಸೆಲಿನ 16 ಚೌಕಗಳನ್ನಿಟ್ಟೆ. ಲೆಕ್ಕ ಸರಿಯಾಗಿತ್ತು, ಆದರೂ ಪ್ರತಿ ಸಾಲಿನ ಕೊನೆಯ ಚೌಕ ಕೆಳಕ್ಕೆ ಜಾರುತ್ತಿತ್ತು. ಎರಡು ಸಂಜೆ ಅದರಲ್ಲೇ ಹೋಯಿತು. ಕೊನೆಗೆ ವೆಬ್ ತಂತ್ರಗಳ ಆಕರ ತಾಣ ಎಂಡಿಎನ್ ತೆರೆದು ಓದಿದಾಗ ಅರ್ಥವಾಯಿತು. ಚೌಕಕ್ಕೆ ಎರಡೂ ಬದಿಗೆ 1 ಪಿಕ್ಸೆಲ್ ಬಾರ್ಡರ್ ಹಾಕಿದ್ದೆ, ಹಾಗಾಗಿ ಒಂದೊಂದೂ 62 ಪಿಕ್ಸೆಲ್ ಆಗಿತ್ತು. 16 ಸೇರಿದರೆ 992. ಬಾರ್ಡರನ್ನೂ ಅಗಲದೊಳಗೇ ಎಣಿಸು ಅನ್ನಲು ಸಿಎಸ್‌ಎಸ್‌ನ ಬಾಕ್ಸ್-ಸೈಜಿಂಗ್‌ಗೆ ಬಾರ್ಡರ್-ಬಾಕ್ಸ್ ಅಂತ ಕೊಟ್ಟ ತಕ್ಷಣ ಎಲ್ಲ ಸಾಲಿಗೆ ಬಂದು ನಿಂತವು. ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ಇದು ನನ್ನ ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ. ಇದಾದ ಮೇಲೆ ಟು-ಡೂ ಪಟ್ಟಿ ಒಂದೇ ಸಂಜೆಯಲ್ಲಿ ಮುಗಿಯಿತು. ನನ್ನ ಮತ ಓಡಿನ್‌ಗೆ. ಆದರೆ ಮೊಟ್ಟಮೊದಲ ತಿಂಗಳಿಗೆ ಫ್ರೀಕೋಡ್‌ಕ್ಯಾಂಪೇ ಇರಲಿ.

ಪುಟ ಕಟ್ಟುವುದು ಒಂದು, ಪ್ರೋಗ್ರಾಮಿಂಗ್ ಭಾಷೆ ಪಳಗುವುದು ಇನ್ನೊಂದು. ಎರಡನೆಯದಕ್ಕೆ ಕೋಡ್‌ವಾರ್ಸ್ ಮತ್ತು ಎಕ್ಸರ್ಸಿಸಂ ಎರಡನ್ನೂ ನೋಡಿದೆ. ಕೋಡ್‌ವಾರ್ಸ್‌ನಲ್ಲಿ ಲೆಕ್ಕಗಳಿಗೆ ಕಾಟಾ ಅನ್ನುತ್ತಾರೆ. 8 ಕ್ಯೂ ಅತಿ ಸುಲಭ, 1 ಕ್ಯೂ ಅತಿ ಕಷ್ಟ. ಬಿಡಿಸಿದ ಮೇಲೆ ಬೇರೆಯವರ ಉತ್ತರ ನೋಡಬಹುದು. ನಾನು ಹತ್ತು ಸಾಲು ಬರೆದದ್ದನ್ನು ಇನ್ನೊಬ್ಬರು ಮ್ಯಾಪ್, ಫಿಲ್ಟರ್ ಅನ್ನುವ ಸಿದ್ಧ ಫಂಕ್ಷನ್‌ಗಳನ್ನು ಬಳಸಿ ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ಅದನ್ನು ಓದುವುದೇ ಒಂದು ಪಾಠ.

ಎಕ್ಸರ್ಸಿಸಂನಲ್ಲಿ ಸ್ವಯಂಸೇವಕ ಮೆಂಟರ್‌ಗಳು ನಿಮ್ಮ ಕೋಡನ್ನೇ ಓದಿ ಮಾತಾಡುತ್ತಾರೆ, ಅದೂ ಉಚಿತವಾಗಿ. ಅಧಿಕ ವರ್ಷ ಗುರುತಿಸುವ ಲೆಕ್ಕಕ್ಕೆ ನಾನು ಇಫ್ (ಷರತ್ತು) ಒಳಗೆ ಇಫ್, ಅದರೊಳಗೆ ಮತ್ತೊಂದು ಇಫ್ ಬರೆದಿದ್ದೆ. 1900 ಅಲ್ಲ, 2000 ಹೌದು, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಮೆಂಟರ್ ಕೇಳಿದ್ದು ಒಂದೇ ಪ್ರಶ್ನೆ: ನಿಯಮವನ್ನು ಬಾಯಲ್ಲಿ ಹೇಳುವಾಗ ಹೇಗೆ ಹೇಳುತ್ತೀರಿ? 4ರಿಂದ ಭಾಗವಾಗಬೇಕು, ಜೊತೆಗೆ 100ರಿಂದ ಭಾಗವಾಗಬಾರದು ಅಥವಾ 400ರಿಂದ ಭಾಗವಾಗಬೇಕು. ಹಾಗೆಯೇ ಬರೆದೆ. ಮೂರು ಇಫ್ ಹೋಗಿ ಒಂದು ಸಾಲು ಉಳಿಯಿತು. ಟೆಸ್ಟ್ ಪಾಸಾದ ಮೇಲೂ ಕೋಡ್ ಸುಧಾರಿಸಬಹುದು ಅಂತ ತೋರಿಸಿಕೊಟ್ಟ ಆ ಅಪರಿಚಿತರಿಗೆ ನಾನು ಋಣಿ.

ಸುಮ್ನೆ ಆಡಲು ಎರಡಿವೆ. ಫ್ಲೆಕ್ಸ್‌ಬಾಕ್ಸ್ ಫ್ರಾಗಿಯಲ್ಲಿ 24 ಹಂತ, ಪುಟದ ಭಾಗಗಳನ್ನು ಜೋಡಿಸುವ ಸಿಎಸ್‌ಎಸ್ ವಿಧಾನವಾದ ಫ್ಲೆಕ್ಸ್‌ಬಾಕ್ಸ್ ಬಳಸಿ ಕಪ್ಪೆಗಳನ್ನು ಎಲೆಯ ಮೇಲೆ ಕೂರಿಸಬೇಕು. ಒಂದು ಸಲ ಕೂತರೆ ಮುಗಿಯುತ್ತದೆ. ಸಿಎಸ್‌ಎಸ್ ಬ್ಯಾಟಲ್ ಹಾಗಲ್ಲ. 400 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರದ ಚಿತ್ರವನ್ನು ಆದಷ್ಟು ಕಡಿಮೆ ಅಕ್ಷರಗಳಲ್ಲಿ ಬರೀ ಕೋಡಿನಿಂದ ಬಿಡಿಸಬೇಕು. ಅಕ್ಷರ ಉಳಿಸುವ ಅಲ್ಲಿನ ಅಡ್ಡದಾರಿಗಳನ್ನು ನಿಜವಾದ ಪುಟಕ್ಕೆ ತರಬೇಡಿ, ಆಮೇಲೆ ಓದುವವರಿಗೆ ಕಷ್ಟ. ಆದರೆ ವೃತ್ತಾಕಾರ ಮಾಡಿದ ಒಂದೇ ಡಿವ್‌ಗೆ (ಪುಟದ ಒಂದು ಪೆಟ್ಟಿಗೆ) ನೆರಳು ಹಾಕುವ ಬಾಕ್ಸ್-ಶಾಡೋವನ್ನು ಅಲ್ಪವಿರಾಮ ಹಾಕುತ್ತಾ ಮೂರು ಸಲ ಕೊಟ್ಟರೆ ಇನ್ನೂ ಮೂರು ವೃತ್ತ ಮೂಡುತ್ತವೆ ಅಂತ ನಾನು ಕಲಿತದ್ದು ಅಲ್ಲೇ.